ತೂತು ಬಿಂದಿಗೆ ಮತ್ತು ಪೆನ್ಸಿಲ್ ಗೆರೆ

ಕೇಳುಗರಿಗೆಲ್ಲ ನಮಸ್ಕಾರ. ಮಂಡ್ಯ ಕಡೆಯ ಪಿಯುಸಿ ಮಕ್ಕಳು ಕೇಳುತ್ತಿದ್ದರೆ ಒಂದು ಪೆನ್ಸಿಲ್, ಒಂದು ಸ್ಕೇಲ್, ಒಂದು ಗ್ರಾಫ್ ಹಾಳೆ ಹತ್ತಿರ ಇಟ್ಟುಕೊಳ್ಳಿ. ರೇಡಿಯೊದಲ್ಲಿ ಚಿತ್ರ ತೋರಿಸೋಕೆ ಆಗುವುದಿಲ್ಲ. ನಾನು ಹೇಳುತ್ತೇನೆ, ನೀವು ಬರೆಯಿರಿ.

ಮೈಲುತುತ್ತ ನಿಮಗೆ ಗೊತ್ತು. ತೋಟಕ್ಕೆ ಸುಣ್ಣದ ಜೊತೆ ಕಲಸಿ ಸಿಂಪಡಿಸುತ್ತಾರಲ್ಲ, ಅದೇ ನೀಲಿ ಹರಳು. ಲ್ಯಾಬಿನಲ್ಲಿ ಅದಕ್ಕೆ ಕಾಪರ್ ಸಲ್ಫೇಟ್ ಅನ್ನುತ್ತೇವೆ. ಲೀಟರಿಗೆ 0.2 ಮೋಲ್ (ಮೋಲ್ ಅಂದರೆ ಕಣಗಳನ್ನು ಲೆಕ್ಕ ಹಾಕುವ ಅಳತೆ) ಇರುವ ದ್ರಾವಣ 50 ಮಿಲಿಲೀಟರ್ ಅಳೆದು, ಥರ್ಮಾಕೋಲ್ ಲೋಟಕ್ಕೆ ಹಾಕುತ್ತೇವೆ. ಅದಕ್ಕೆ ಸತುವಿನ ಪುಡಿ ಸ್ವಲ್ಪ ಜಾಸ್ತಿಯೇ ಸುರಿದು ಕಲಕುತ್ತೇವೆ. ನೋಡನೋಡುತ್ತಾ ನೀಲಿ ಬಣ್ಣ ತೆಳುವಾಗುತ್ತದೆ. ತಳದಲ್ಲಿ ಕೆಂಪು ಕಂದು ಬಣ್ಣದ ತಾಮ್ರ ಕೂರುತ್ತದೆ. ಲೋಟದೊಳಗಿನ ದ್ರಾವಣ ಬೆಚ್ಚಗಾಗುತ್ತದೆ.

ಎಷ್ಟು ಬೆಚ್ಚಗಾಯಿತು? ಪ್ರಶ್ನೆ ಇಷ್ಟೇ. ನಾನು ಓದುವಾಗ ಥರ್ಮಾಮೀಟರ್ ಏರಿದ ಅತಿ ಎತ್ತರದ ಅಂಕಿಯಿಂದ ಮೊದಲಿನ ಅಂಕಿ ಕಳೆದು ಬರೆದಿದ್ದೆ. ಕೆಂಪು ಇಂಕಿನಲ್ಲಿ ಒಂದು ಗೀಟು ಬಿತ್ತು. ಯಾಕೆ ತಪ್ಪು ಅಂತ ಯಾರೂ ಹೇಳಲಿಲ್ಲ. ನಾನೇ ಪಾಠ ಮಾಡಲು ನಿಂತ ಮೇಲಷ್ಟೇ ಅದು ಸರಿಯಾಗಿ ತಲೆಗೆ ಹೋಯಿತು. ಅದಕ್ಕೇ ಇವತ್ತು ಇದನ್ನು ನಿಧಾನವಾಗಿ ಹೇಳುತ್ತಿದ್ದೇನೆ.

ಬೀದಿ ನಲ್ಲಿಯ ಕೆಳಗೆ ತೂತು ಬಿಂದಿಗೆ ಇಟ್ಟಿದ್ದೀರಿ ಅಂದುಕೊಳ್ಳಿ. ಮೇಲಿಂದ ನೀರು ಬೀಳುತ್ತಿದೆ, ಕೆಳಗಿಂದ ಸೋರುತ್ತಿದೆ. ನಲ್ಲಿ ನಿಂತಾಗ ಬಿಂದಿಗೆಯಲ್ಲಿ ಎಷ್ಟು ನೀರಿದೆಯೋ ಅಷ್ಟೇ ಬಿದ್ದಿದ್ದು ಅಂದರೆ ತಪ್ಪಲ್ವಾ? ತುಂಬುತ್ತಿರುವಾಗಲೇ ಸೋರಿದ್ದು ಎಲ್ಲಿ ಹೋಯಿತು? ನಮ್ಮ ಲೋಟವೂ ಹಾಗೇ. ಸತುವಿನ ಪುಡಿ ಪೂರ್ತಿ ಕೆಲಸ ಮುಗಿಸಲು ಒಂದೆರಡು ನಿಮಿಷ ಬೇಕು. ಆ ಹೊತ್ತಿನಲ್ಲೇ ಶಾಖ ಗಾಳಿಗೆ ಹೋಗುತ್ತಿರುತ್ತದೆ.

ಸೋರಿದ್ದನ್ನು ಲೆಕ್ಕಕ್ಕೆ ತರುವುದೇ ಗ್ರಾಫಿನ ಕೆಲಸ. ಅಡ್ಡಗೆರೆಯಲ್ಲಿ ನಿಮಿಷ, ನಿಲುವು ಗೆರೆಯಲ್ಲಿ ಉಷ್ಣತೆ. ಮೊದಲ 3 ನಿಮಿಷ ಸತು ಹಾಕದೆ ಸುಮ್ನೆ ಅಳೆಯಿರಿ. ಮೂರೂ ಸಲ 26.0 ಡಿಗ್ರಿ ಬಂತು ಅನ್ನೋಣ. ಸರಿಯಾಗಿ 4ನೇ ನಿಮಿಷಕ್ಕೆ ಸತು ಹಾಕಿ. ಆಗ ಅಳೆಯಬೇಡಿ, ಕಲಕಿ. 5ಕ್ಕೆ 32.5. 6ಕ್ಕೆ 34.6. 7ಕ್ಕೆ 35.0, ಅದೇ ತುದಿ. ಆಮೇಲೆ ಇಳಿತ: 34.7, 34.4, 34.1, 33.8.

ಬರೆದುಕೊಂಡಿರಾ? ಈಗ ಸ್ಕೇಲನ್ನು ಇಳಿಯುವ ಚುಕ್ಕಿಗಳ ಮೇಲಿಡಿ. ನಿಮಿಷಕ್ಕೆ 0.3 ಡಿಗ್ರಿ ಇಳಿಯುವ ನೇರ ಗೆರೆ ಅದು. ಅದನ್ನು ಎಡಕ್ಕೆ, ಹಿಂದಕ್ಕೆ, 4ನೇ ನಿಮಿಷದವರೆಗೂ ಎಳೆಯಿರಿ. ಪೆನ್ಸಿಲ್ 35.9ಕ್ಕೆ ಮುಟ್ಟುತ್ತದೆ. ಸತು ಹಾಕಿದ ಕ್ಷಣದಲ್ಲೇ ಕ್ರಿಯೆ ಪೂರ್ತಿ ಮುಗಿದಿದ್ದರೆ ಥರ್ಮಾಮೀಟರ್ ತೋರಿಸುತ್ತಿದ್ದ ಅಂಕಿ ಅದು. ಕೆಳಗಿನ 26.0 ಗೆರೆಯನ್ನೂ 4ರವರೆಗೆ ಎಳೆದು, ನಡುವಿನ ಎತ್ತರ ಅಳೆಯಿರಿ. 9.9 ಡಿಗ್ರಿ. ತುದಿಯನ್ನಷ್ಟೇ ನಂಬಿದ್ದರೆ 9.0 ಬರುತ್ತಿತ್ತು.

ಒಂದು ಡಿಗ್ರಿಗೂ ಕಡಿಮೆ, ಅದರಲ್ಲೇನು ಅನ್ನಬೇಡಿ. 50 ಗ್ರಾಂ ನೀರನ್ನು 1 ಡಿಗ್ರಿ ಬೆಚ್ಚಗೆ ಮಾಡಲು 209 ಜೂಲ್ ಶಾಖ ಬೇಕು. ನಮ್ಮ ದ್ರಾವಣದಲ್ಲಿರುವುದು 0.01 ಮೋಲ್ ತಾಮ್ರದ ಅಯಾನು, ಅಂದರೆ ವಿದ್ಯುದಾವೇಶ ಇರುವ ತಾಮ್ರದ ಕಣ. ಹಾಗಾಗಿ 9.0ರಿಂದ ಲೆಕ್ಕ ಹಾಕಿದರೆ ಮೋಲಿಗೆ 188 ಕಿಲೋಜೂಲ್, 9.9ರಿಂದ 207. ಪುಸ್ತಕದಲ್ಲಿ ಕೊಟ್ಟಿರುವ ಅಂಕಿ ಸುಮಾರು 218. ಒಂದು ಗೆರೆ ಹಿಂದಕ್ಕೆ ಎಳೆದಿದ್ದಕ್ಕೆ ಎಷ್ಟು ಹತ್ತಿರ ಬಂದೆವು ನೋಡಿ. ನನಗಂತೂ ಪ್ರತಿ ವರ್ಷ ಇದನ್ನು ಬೋರ್ಡ್ ಮೇಲೆ ಬಿಡಿಸುವಾಗ ಖುಷಿಯಾಗುತ್ತದೆ.

ತಂಪಾಗುವ ಪ್ರಯೋಗಕ್ಕೂ ಇದೇ ದಾರಿ. ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ನೀರಿನಲ್ಲಿ ಕರಗಿದಾಗ ಉಷ್ಣತೆ ಇಳಿದು, ಆಮೇಲೆ ಮೆಲ್ಲಗೆ ಏರುತ್ತದೆ. ಆ ಏರುವ ಗೆರೆಯನ್ನು ಹಿಂದಕ್ಕೆ ಎಳೆದರೆ ಆಯಿತು.

ಇನ್ನೂ 11 ಕಿಲೋಜೂಲ್ ಕಡಿಮೆ ಇದೆಯಲ್ಲ, ಅಂತ ಕೇಳುತ್ತೀರಿ. ಲೋಟ ಮತ್ತು ಥರ್ಮಾಮೀಟರ್ ತಾವೂ ಸ್ವಲ್ಪ ಶಾಖ ಹೀರಿವೆ. ಅದನ್ನು ಗೆರೆ ಸರಿಮಾಡುವುದಿಲ್ಲ. ದಯವಿಟ್ಟು ಅಂಕಿ ತಿದ್ದಿ 218 ಮಾಡಬೇಡಿ ಮಕ್ಕಳೇ. 207 ಅಂತಲೇ ಬರೆದು, ಪಕ್ಕದಲ್ಲಿ ಕಾರಣ ಬರೆಯಿರಿ. ನಮಸ್ಕಾರ.