ಒಳಗೊಂದು ಕಂಪನಿಯ ರ‍್ಯಾಮ್, ಪಕ್ಕದಲ್ಲಿ ಇನ್ನೊಂದು

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಬಿಸಿಲಲ್ಲಿ, ಅದೂ ಊಟದ ಹೊತ್ತು ಮುಗಿದ ಮೇಲೆ, ಇಷ್ಟು ಜನ ಬಂದಿದ್ದೀರಿ. ಹಾಲ್‌ನಲ್ಲಿ ಎಸಿ ಇದೆ ಅಂತ ಬಂದವರೂ ಇರಬಹುದು. ಪರವಾಗಿಲ್ಲ, ಕೂತ್ಕೊಳ್ಳಿ.

ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದವರು ತಪ್ಪದೆ ಕೇಳುವುದೊಂದಿದೆ. "ಅಣ್ಣಾ, ಒಳಗೆ ಒಂದು ಕಂಪನಿ ರ‍್ಯಾಮ್ ಐತಿ, ಬೇರೆ ಕಂಪನೀದು ಹಾಕಿದ್ರೆ ನಡೀತೈತಾ?" ಕಂಪನಿ ಆಮೇಲೆ, ಮೊದಲು ಡಿಡಿಆರ್ ಎಷ್ಟು ಹೇಳಪ್ಪಾ ಅಂತೀನಿ. ರ‍್ಯಾಮ್ ಅಂದ್ರೆ ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ, ಡಿಡಿಆರ್ 3, 4, 5 ಅನ್ನೋದು ಅದರ ತಲೆಮಾರು.

ರ‍್ಯಾಮ್ ಮೇಲೆ ಅಂಟಿಸಿದ ಹೆಸರು ಹತ್ತಾರು ಇರಬಹುದು. ಒಳಗಿನ ಚಿಪ್ ಮಾತ್ರ ಹೆಚ್ಚಾಗಿ ಮೂರೇ ಕಂಪನಿಗಳದ್ದು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಅಷ್ಟೇ ಅಲ್ಲ, ಒಂದೇ ಕಂಪನಿಯ ಒಂದೇ ಮಾಡೆಲ್ ತಗೊಂಡರೂ ಈ ವರ್ಷದ್ದರಲ್ಲಿ ಒಂದು ಚಿಪ್, ಮುಂದಿನ ವರ್ಷದ್ದರಲ್ಲಿ ಇನ್ನೊಂದು ಇರಬಹುದು. ಹಾಗಾಗಿ ಬರೀ ಹೆಸರು ನೋಡಿ ಹೆದರಬೇಡಿ.

ಹೆದರಬೇಕಾದ್ದು ಬೇರೆ ಇದೆ. ಡೆಸ್ಕ್‌ಟಾಪ್‌ನಲ್ಲಿ ಡಿಡಿಆರ್3ಗೆ 240 ಪಿನ್, ಡಿಡಿಆರ್4ಗೆ 288. ಡಿಡಿಆರ್5ಗೂ 288, ಆದರೆ ನಡುವಿನ ಕಚ್ಚು ಬೇರೆ ಕಡೆ ಇರುತ್ತದೆ. ಕೂರದಿದ್ದರೆ ಹೆಬ್ಬೆರಳಲ್ಲಿ ಒತ್ತಿ ಕೂರಿಸಬೇಡಿ, ಸ್ಲಾಟ್ ಹೋಗುತ್ತದೆ. ಹಳೇ ಲ್ಯಾಪ್‌ಟಾಪ್‌ನವರು ಇನ್ನೂ ಹುಷಾರಾಗಿರಿ. ಡಿಡಿಆರ್3 ಅನ್ನೋದು 1.5 ವೋಲ್ಟ್, ಡಿಡಿಆರ್3ಎಲ್ 1.35 ವೋಲ್ಟ್. ನೋಡೋಕೆ ಎರಡೂ ಒಂದೇ, ಕಚ್ಚೂ ಒಂದೇ ಜಾಗದಲ್ಲಿ. ಎಲ್ ಕೇಳುವ ಲ್ಯಾಪ್‌ಟಾಪ್‌ಗೆ ಬರೀ 3 ಹಾಕಿದರೆ ಎಷ್ಟೋ ಸಲ ಆನ್ ಆಗೋದೇ ಇಲ್ಲ.

ಇನ್ನು ಸ್ಪೀಡ್. ಎರಡು ಎತ್ತು ಒಂದೇ ನೊಗಕ್ಕೆ ಕಟ್ಟಿದರೆ ಗಾಡಿ ನಿಧಾನದ ಎತ್ತಿನ ನಡಿಗೆಯಲ್ಲೇ ಹೋಗಬೇಕು, ಅಲ್ವಾ? 2666ರ ಪಕ್ಕ 3200 ಹಾಕಿದರೆ ಎರಡೂ 2666ರಲ್ಲೇ ಓಡುತ್ತವೆ. ಕೆಡುವುದೇನಿಲ್ಲ, ಜಾಸ್ತಿ ಕೊಟ್ಟ ದುಡ್ಡಷ್ಟೇ ಸುಮ್ನೆ. 4 ಜಿಬಿ ಜೊತೆ 8 ಜಿಬಿ? ಅದೂ ನಡೆಯುತ್ತದೆ. ಸಾಮಾನ್ಯವಾಗಿ ನಾಲ್ಕಕ್ಕೆ ನಾಲ್ಕು ಜೋಡಿಯಾಗಿ ಬೇಗ ಓಡುತ್ತದೆ, ಮಿಕ್ಕ ನಾಲ್ಕು ಒಂಟಿಯಾಗಿ ನಿಧಾನ.

ನನ್ನದೇ ಒಂದು ಎಡವಟ್ಟು ಹೇಳಿಬಿಡ್ತೀನಿ. ಇಲ್ಲೇ ಒಂದು ಜೀನ್ಸ್ ಯುನಿಟ್. ಬಿಲ್ಲಿನ ಕಂಪ್ಯೂಟರ್‌ನಲ್ಲಿ 2666ರ 8 ಜಿಬಿ ಇತ್ತು. ನಾನು ಮೈಮೇಲೆ ತಗಡು ಹೊದ್ದ, 3200ರ ಗೇಮಿಂಗ್ ರ‍್ಯಾಮ್ ಒಂದು ಸೇರಿಸಿದೆ. ಅಷ್ಟಕ್ಕೆ ಬಿಡಬೇಕಿತ್ತು. ಆಸೆ ನೋಡಿ, ವಿಂಡೋಸ್‌ಗಿಂತ ಮೊದಲು ಬರುವ ಸೆಟ್ಟಿಂಗ್ ಪರದೆ, ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿದೆ, ಅಂದ್ರೆ ರ‍್ಯಾಮನ್ನು ಜಾಸ್ತಿ ಸ್ಪೀಡ್‌ನಲ್ಲಿ ಓಡಿಸುವ ಆಯ್ಕೆ. ವಿಂಡೋಸ್ ಚೆನ್ನಾಗೇ ಬಂತು. ಸಂಜೆ ಲಾರಿ ಬಾಗಿಲಲ್ಲಿ ನಿಂತಾಗ, ಬಿಲ್ ಪ್ರಿಂಟ್ ಕೊಟ್ಟ ಕೂಡಲೇ ಹ್ಯಾಂಗ್. ಮರುದಿನವೂ ಅದೇ ಕಥೆ. "ಬೇರೆ ಕಂಪನೀದು ಹಾಕಿದ್ದಕ್ಕೇ ಹಿಂಗಾತು" ಅಂತ ಮಾಲೀಕರು ಬೈದರು. ರಾತ್ರಿ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್, ಅಂದ್ರೆ ರ‍್ಯಾಮ್ ಪರೀಕ್ಷಿಸುವ ಸಾಫ್ಟ್‌ವೇರ್, ಹಾಕಿ ಬಂದೆ. ಬೆಳಿಗ್ಗೆ ಹೋಗಿ ನೋಡಿದರೆ ಪರದೆ ತುಂಬ ಕೆಂಪು ಸಾಲು. ಎಕ್ಸ್‌ಎಂಪಿ ಆಫ್ ಮಾಡಿ ಇನ್ನೊಂದು ರಾತ್ರಿ ಬಿಟ್ಟೆ. ಸೊನ್ನೆ ಎರರ್. ಹಳೇ ಎತ್ತನ್ನು ಓಡಿಸಲು ಹೋದವನು ನಾನು, ಬೈಗುಳ ಮಾತ್ರ ಹೊಸ ಕಂಪನಿಗೆ.

ಅಂದಿನಿಂದ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸದೆ ಯಾರಿಗೂ ಕಂಪ್ಯೂಟರ್ ವಾಪಸ್ ಕೊಟ್ಟಿಲ್ಲ. ಗಿರಾಕಿಗಳಿಗೆ ಬೇಜಾರು, ಇರಲಿ.

ನಮ್ಮ ಕಡೆಯದ್ದೇ ಒಂದು ಕಾಟ ಇದೆ. ಅದಿರಿನ ಲಾರಿ ಓಡಾಡುವ ರಸ್ತೆ ಪಕ್ಕದ ಅಂಗಡಿಗಳಲ್ಲಿ ಸಿಪಿಯು ಬಿಚ್ಚಿದರೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಧೂಳು. ಹೊಸ ರ‍್ಯಾಮ್ ಹಾಕಿದ ಕೂಡಲೇ ಬೀಪ್ ಬೀಪ್, ಪರದೆ ಕಪ್ಪು. ರ‍್ಯಾಮ್ ವಾಪಸ್ ಮಾಡಲು ಓಡುವ ಮುಂಚೆ ಸ್ಲಾಟನ್ನು ಒಣ ಬ್ರಷ್‌ನಲ್ಲಿ ಗುಡಿಸಿ. ಹಳೇ ರ‍್ಯಾಮಿನ ಚಿನ್ನದ ಬಣ್ಣದ ಪಿನ್‌ಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ. ರಬ್ಬರ್ ಚೂರು ಸ್ಲಾಟ್‌ಗೆ ಬೀಳದ ಹಾಗೆ, ದೂರ ಹಿಡಿದು.

ಮಾತು ಸಾಕು. ಈ ಟೇಬಲ್ ಮೇಲಿನ ಸಿಪಿಯು ಬಿಚ್ಚೋಣ, ಹಿಂದೆ ಕೂತವರು ಮುಂದೆ ಬನ್ನಿ. ಪ್ಲಗ್ ಕಿತ್ತಿದ್ದೀರಿ ತಾನೆ? ಸ್ವಿಚ್ ಅಲ್ಲಪ್ಪಾ, ಪ್ಲಗ್.