ಕಾರಿನ ರಿಮೋಟಿಗೂ ಮಳೆಗಾಲದ ತಯಾರಿ

ಕೇಳುಗರೇ, ನಮಸ್ಕಾರ.

ಮೃಗಶಿರಾ ಮಳೆ ಹಿಡಿಯುವ ಮೊದಲು ಮಲೆನಾಡಿನ ಮನೆಗಳಲ್ಲಿ ಹಂಚು ಕೈಯಾಡಿಸುತ್ತಾರೆ, ಸೌದೆ ಒಳಗೆ ಹಾಕುತ್ತಾರೆ, ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಾರೆ. ಕಾರಿದ್ದವರು ವೈಪರ್ ಬದಲಿಸುತ್ತಾರೆ. ರಿಮೋಟಿನೊಳಗಿನ ಸೆಲ್ ಮಾತ್ರ ಯಾರ ನೆನಪಿಗೂ ಬರುವುದಿಲ್ಲ.

ಅದು ಸಾಮಾನ್ಯವಾಗಿ ಹೇಳದೆ ಕೇಳದೆ ಸಾಯುವುದಿಲ್ಲ. ಅಂಗಳದ ಆಚೆಯಿಂದ ಒತ್ತಿದರೆ ತೆರೆಯುತ್ತಿದ್ದ ಬಾಗಿಲು, ಈಗ ಹತ್ತಿರ ಹೋಗಿ ಎರಡು ಮೂರು ಸಲ ಒತ್ತಿದರೂ ಸತಾಯಿಸುತ್ತದೆ. ಕೆಲವು ಕಾರುಗಳು ಮೀಟರ್ ಫಲಕದಲ್ಲೇ ಸೂಚನೆ ಕೊಡುತ್ತವೆ. ಅಷ್ಟಾದ ಮೇಲೂ ತಡ ಮಾಡಿದರೆ, ಆಗುಂಬೆ ಘಾಟಿಯ ಜಡಿಮಳೆಯಲ್ಲಿ ಕೊಡೆ ಹಿಡಿದು ಗುಂಡಿ ಒತ್ತುತ್ತಾ ನಿಲ್ಲಬೇಕಾದೀತು.

ಬಹಳಷ್ಟು ರಿಮೋಟುಗಳಲ್ಲಿರುವುದು ಸಿಆರ್ 2032 ಎಂಬ 3 ವೋಲ್ಟಿನ ಲಿಥಿಯಂ ಬಿಲ್ಲೆ. ಅಳತೆ ಅಂಕಿಯಲ್ಲೇ ಇದೆ: ಅಗಲ 20 ಮಿಲಿಮೀಟರ್, ದಪ್ಪ 3.2. ಸಿಆರ್ 2025 ಅಷ್ಟೇ ಅಗಲ, ದಪ್ಪ ಮಾತ್ರ 2.5. ಅಂಗಡಿಯವರು 'ಇದೂ ನಡೆಯುತ್ತದೆ' ಎಂದರೆ ಒಪ್ಪಬೇಡಿ. ತೆಳುವಾದ ಬಿಲ್ಲೆ ಗೂಡಿನಲ್ಲಿ ಅಲ್ಲಾಡುತ್ತದೆ. ನಮ್ಮ ರಸ್ತೆಗಳ ಗುಂಡಿಗಳೋ, ಇರುವ ಸಂಪರ್ಕವನ್ನೂ ತಪ್ಪಿಸುವಂಥವು. ಹಳೆಯದನ್ನೇ ಒಯ್ದು ತೋರಿಸಿ. ಗಡಿಯಾರ ರಿಪೇರಿಯವರಲ್ಲೂ ಸಿಗುತ್ತದೆ.

ಬಿಚ್ಚುವುದು ಕಷ್ಟವಲ್ಲ. ಹಲವು ರಿಮೋಟುಗಳಲ್ಲಿ ಪುಟ್ಟ ಚಿಲಕ ಸರಿಸಿದರೆ ಒಳಗಿನ ಲೋಹದ ಕೀಲಿ ಹೊರಬರುತ್ತದೆ. ಅದಿದ್ದ ಜಾಗದಲ್ಲೋ ಅಂಚಿನಲ್ಲೋ ಸಣ್ಣ ಸೀಳು ಕಾಣುತ್ತದೆ. ಅಲ್ಲಿ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರಿನ ತುದಿ ಇಟ್ಟು ಮೆಲ್ಲಗೆ ತಿರುಗಿಸಿ. ಬಿಲ್ಲೆ ತೆಗೆಯುವ ಮೊದಲು ಅಧಿಕ ಚಿಹ್ನೆ ಯಾವ ಕಡೆಗಿದೆ ನೋಡಿಕೊಳ್ಳಿ; ಹೊಸದನ್ನೂ ಹಾಗೆಯೇ ಕೂರಿಸಬೇಕು. ಮಳೆಯಲ್ಲಿ ನೆನೆದ ಜೇಬಿನಲ್ಲೇ ತಿರುಗಿದ ರಿಮೋಟಾದರೆ ಲೋಹದ ನಾಲಗೆಗಳಿಗೆ ಹಸಿರು ಕಿಲುಬು ಹಿಡಿದಿರಬಹುದು. ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ.

ದಾರಿಯಲ್ಲೇ ಸೆಲ್ ಕೈಕೊಟ್ಟರೆ? ಆ ಲೋಹದ ಕೀಲಿಯಿಂದ ಬಾಗಿಲು ತೆರೆಯಿರಿ. ಅಲಾರಂ ಕೂಗಿಕೊಂಡರೆ ಕೂಗಲಿ. ಗುಂಡಿ ಒತ್ತಿ ಚಾಲು ಮಾಡುವ ಕಾರಾದರೆ, ಬ್ರೇಕ್ ತುಳಿದು ರಿಮೋಟನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಿ. ರಿಮೋಟಿನೊಳಗಿನ ಚಿಪ್ಪಿಗೆ ಆಗ ಕಾರೇ ಶಕ್ತಿ ಕೊಡುತ್ತದೆ, ಸೆಲ್ಲಿನ ಹಂಗಿಲ್ಲ. ಕೆಲವು ಕಾರುಗಳಲ್ಲಿ ತಾಗಿಸುವ ಜಾಗ ಬೇರೆ ಇರುತ್ತದೆ. ಕೈಪಿಡಿಯ ಆ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕೈಪಿಡಿ ಬೀಗ ಹಾಕಿದ ಕಾರಿನೊಳಗೇ ಇರುತ್ತದಲ್ಲ!

ಇನ್ನು ಹಳೆಯ ಬಿಲ್ಲೆ. ಮಗು ಅದನ್ನು ನುಂಗಿದರೆ 2 ಗಂಟೆಯೊಳಗೇ ಅನ್ನನಾಳ ಸುಟ್ಟು ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಬೇಕು. ಹಾಗಾಗಿ ಬಿಲ್ಲೆಯನ್ನು ರಿಮೋಟಿನಿಂದ ತೆಗೆದ ಕೂಡಲೇ ಎರಡೂ ಮುಖಗಳಿಗೆ ಟೇಪು ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಎತ್ತಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವಲ್ಲಿ ಕೊಡಿ. ಕಸವೆಂದು ಬಚ್ಚಲ ಒಲೆಗೆ ಮಾತ್ರ ಹಾಕಬೇಡಿ, ಬೆಂಕಿಯಲ್ಲಿ ಅದು ಸಿಡಿಯುತ್ತದೆ.

ನಮಸ್ಕಾರ.