ಹಂದಿಯ ಬಾಲ ನೋಡಿ ಲೇಬಲ್ ಕೊಡುತ್ತಾರೆ, ಯಾಕೆ?

[ಸ್ಕ್ರೀನ್ ಮೇಲೆ: ಮಾಂಸದ ಪ್ಯಾಕೆಟ್, ಅದರ ಮೇಲೆ ಹೃದಯದ ಚಿಹ್ನೆ]

ನಮಸ್ಕಾರ. ಡೆನ್ಮಾರ್ಕ್‌ನಲ್ಲಿರುವ ನಮ್ಮ ವೀಕ್ಷಕರೊಬ್ಬರು ಅಲ್ಲಿನ ಹಂದಿಮಾಂಸದ ಪ್ಯಾಕೆಟ್ ಬಗ್ಗೆ ಒಂದು ಪ್ರಶ್ನೆ ಕೇಳಿದ್ದಾರೆ. ಕೆಲವು ಪ್ಯಾಕೆಟ್ ಮೇಲೆ ಒಂದು ಹೃದಯ, ಕೆಲವಕ್ಕೆ ಎರಡು, ಕೆಲವಕ್ಕೆ ಮೂರು. ಹಂದಿಯನ್ನು ಚೆನ್ನಾಗಿ ಸಾಕಿದ್ದೇವೆ ಅಂತ ಅದರ ಅರ್ಥವಂತೆ. "ಇದನ್ನು ನಂಬಬಹುದಾ, ಇಲ್ಲಾ ಸುಮ್ನೆ ಅಂಟಿಸಿರ್ತಾರಾ?"

ಮೊದಲು ಬೇಕಾದಷ್ಟು ಹಿನ್ನೆಲೆ ಮಾತ್ರ. ಪ್ರಾಣಿ ಸಾಕಣೆಗೆ ಕಾನೂನು ಇದೆ, ಆದರೆ ಅದು ಹೇಳುವುದು ಕನಿಷ್ಠ ಮಟ್ಟ. ಅದಕ್ಕಿಂತ ಚೆನ್ನಾಗಿ ಸಾಕುವ ರೈತ ತಾನಾಗಿಯೇ ಮುಂದೆ ಬಂದು ಸ್ಕೀಮ್‌ಗೆ ಸೇರುತ್ತಾನೆ. ತಪಾಸಣೆಯಲ್ಲಿ ಪಾಸಾದರೆ ಲೇಬಲ್, ಲೇಬಲ್ ಇದ್ದರೆ ಸ್ವಲ್ಪ ಜಾಸ್ತಿ ಬೆಲೆ. ಡೆನ್ಮಾರ್ಕ್‌ನ ಹೃದಯದ ಲೇಬಲ್ 2017ರಲ್ಲಿ ಶುರುವಾಯಿತು. ಅದನ್ನು ನಡೆಸುವುದು ಅಲ್ಲಿನ ಸರ್ಕಾರ.

ಈಗ ನನಗೆ ತುಂಬಾ ಹಿಡಿಸಿದ ವಿಷಯ. ಒಂದೇ ಒಂದು ಹೃದಯ ಸಿಗಬೇಕಾದರೂ ಹಂದಿಗೆ ಪೂರ್ತಿ ಬಾಲ ಇರಬೇಕು.

[ಸ್ಕ್ರೀನ್ ಮೇಲೆ: ಸುರುಳಿ ಬಾಲದ ಹಂದಿ, ಪಕ್ಕದಲ್ಲಿ ಮೋಟು ಬಾಲದ ಹಂದಿ]

ಬಾಲ ಇದ್ದೇ ಇರುತ್ತೆ ಅಲ್ವಾ? ಇರುವುದಿಲ್ಲ. ಯುರೋಪಿನ ಬಹುಪಾಲು ಹಂದಿಗಳಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಬಾಲ ಕತ್ತರಿಸುತ್ತಾರೆ. ಮೊದಲ ಏಳು ದಿನದೊಳಗೆ ಕತ್ತರಿಸಿದರೆ ಅರಿವಳಿಕೆ ಕೊಡಲೇಬೇಕು ಅಂತ ಯುರೋಪಿಯನ್ ಒಕ್ಕೂಟದ ನಿಯಮ ಹೇಳುವುದಿಲ್ಲ. ಕತ್ತರಿಸುವುದು ಯಾಕೆ? ಬೆಳೆದ ಮೇಲೆ ಒಂದರ ಬಾಲವನ್ನು ಇನ್ನೊಂದು ಕಚ್ಚುತ್ತದೆ. ರಕ್ತ ಬಂದರೆ ಉಳಿದವೂ ಅಲ್ಲಿಗೇ ಬಾಯಿ ಹಾಕುತ್ತವೆ. ಗಾಯದ ಸೋಂಕು ಬೆನ್ನುಹುರಿಯವರೆಗೂ ಹೋಗಬಹುದು.

ಯಾಕೆ ಕಚ್ಚುತ್ತವೆ? ಹಂದಿ ಹುಟ್ಟಿರುವುದೇ ಮೂತಿಯಿಂದ ನೆಲ ಕೆದಕುವುದಕ್ಕೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಕಾಡುಹಂದಿ ಒಂದು ರಾತ್ರಿ ನುಗ್ಗಿ ಹೋದ ಗದ್ದೆಯನ್ನು ಅವರು ನೋಡಿರುತ್ತಾರೆ. ಅಂಥ ಪ್ರಾಣಿ ಫಾರ್ಮ್‌ನಲ್ಲಿ ಸಂದಿ ಬಿಟ್ಟ ಕಾಂಕ್ರೀಟ್ ನೆಲದ ಮೇಲೆ ನಿಂತಿರುತ್ತದೆ. ನೂರು ಕೆಜಿ ತೂಗುವ ಹಂದಿಗೆ ಕಾನೂನು ಕೊಡುವ ಕನಿಷ್ಠ ಜಾಗ 0.65 ಚದರ ಮೀಟರ್. ಅಂದರೆ ಸುಮಾರು 7 ಚದರ ಅಡಿ! ಕೆದಕುವುದಕ್ಕೆ ಏನೂ ಇಲ್ಲ. ಕಣ್ಣೆದುರು ಅಲ್ಲಾಡುವುದು ಪಕ್ಕದ ಹಂದಿಯ ಬಾಲ ಮಾತ್ರ.

ಒಣಹುಲ್ಲು ಹಾಕಿದರೆ ಆಯಿತಲ್ಲ ಅನ್ನಬಹುದು. ಹಾಕಿದರೆ ಅದು ನೆಲದ ಸಂದಿಯಲ್ಲಿ ಇಳಿದು ಸಗಣಿ ಹೋಗುವ ದಾರಿ ಕಟ್ಟಿಕೊಳ್ಳುತ್ತದೆ. ಅಂದರೆ ಕಟ್ಟಡವನ್ನೇ ಬದಲಾಯಿಸಬೇಕು. ಅದಕ್ಕಿಂತ ಬಾಲ ಕತ್ತರಿಸುವುದು ಅಗ್ಗ. ವಾಡಿಕೆಯಾಗಿ ಕತ್ತರಿಸಬಾರದು, ಮೊದಲು ಜಾಗ, ಹುಲ್ಲು, ಗಾಳಿ ಸರಿ ಮಾಡಿ ಅಂತ 2008ರ ಯುರೋಪಿಯನ್ ನಿರ್ದೇಶನದಲ್ಲಿ ಬರೆದೇ ಇದೆ. ಆದರೂ ಕತ್ತರಿಸುತ್ತಲೇ ಇದ್ದಾರೆ. ಸ್ವೀಡನ್ ಮತ್ತು ಫಿನ್ಲೆಂಡ್ ನಿಲ್ಲಿಸಿವೆ, ಅಲ್ಲೂ ಹಂದಿ ಸಾಕಣೆ ನಡೆಯುತ್ತಿದೆ. ಆಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಬಾಲದಲ್ಲಿ ಇನ್ನೂ ಒಂದು ಸುದ್ದಿ ಇದೆ. ಕಚ್ಚಾಟ ಶುರುವಾಗುವ ಮೊದಲೇ ಹಂದಿಗಳ ಬಾಲ ಇಳಿಬೀಳುತ್ತದೆ, ಕಾಲಿನ ನಡುವೆ ಮಡಚಿಕೊಳ್ಳುತ್ತವೆ. ಸ್ಕಾಟ್ಲೆಂಡ್‌ನ ಗ್ರಾಮೀಣ ಕಾಲೇಜಿನ ಸಂಶೋಧಕರು ಕೊಟ್ಟಿಗೆಯಲ್ಲಿ 3ಡಿ ಕ್ಯಾಮೆರಾ ಇಟ್ಟು ಇದನ್ನು ಅಳೆದಿದ್ದಾರೆ. ಡಾಕ್ಟರ್ ನಾಲಿಗೆ ನೋಡಿ ಹೊಟ್ಟೆಯ ವಿಷಯ ಹೇಳುವ ಹಾಗೆ, ಬಾಲ ನೋಡಿ ಇಡೀ ಫಾರ್ಮ್‌ನ ವಿಷಯ ಹೇಳಬಹುದು. ಜಾಗ ಕಮ್ಮಿಯಾದರೆ, ಗಾಳಿ ಕೆಟ್ಟರೆ, ಮೇವಿಗೆ ನೂಕಾಟವಾದರೆ ಬಾಲ ಉಳಿಯುವುದಿಲ್ಲ. ಅದಕ್ಕೇ ಈ ನಿಯಮ ನನಗೆ ಇಷ್ಟ. ಕಾಗದದಲ್ಲಿ ಏನು ಬೇಕಾದರೂ ತುಂಬಬಹುದು. ನೂರಾರು ಹಂದಿಗಳ ಬಾಲವನ್ನು ತಪಾಸಣೆಯ ದಿನಕ್ಕೆ ಅಂತ ತಂದು ಹಚ್ಚಲಾಗುವುದಿಲ್ಲ.

ಹೃದಯ ಜಾಸ್ತಿಯಾದ ಹಾಗೆ ಜಾಗ, ಹುಲ್ಲು ಎರಡೂ ಜಾಸ್ತಿ. ಮೂರು ಹೃದಯಕ್ಕೆ ಹೊರಗೆ ಓಡಾಡುವ ಅವಕಾಶವೂ ಬೇಕು.

ಸಮಸ್ಯೆ ಇರುವುದು ದುಡ್ಡಿನಲ್ಲಿ. ರೈತ ಸಾಕುವುದು ಇಡೀ ಹಂದಿಯನ್ನು. ಗಿರಾಕಿ ಲೇಬಲ್ ನೋಡಿ ಜಾಸ್ತಿ ಕೊಡುವುದು ಒಳ್ಳೆಯ ತುಂಡುಗಳಿಗೆ ಮಾತ್ರ. ಉಳಿದ ಮಾಂಸ ಎಷ್ಟೋ ಸಲ ಮಾಮೂಲಿ ಬೆಲೆಗೇ ಹೋಗುತ್ತದೆ. ಡೆನ್ಮಾರ್ಕ್ ತನ್ನ ಹಂದಿಮಾಂಸದಲ್ಲಿ ಬಹುಪಾಲನ್ನು ರಫ್ತು ಮಾಡುತ್ತದೆ, ಕೊಳ್ಳುವ ದೇಶದಲ್ಲಿ ಈ ಹೃದಯದ ಗುರುತು ಯಾರಿಗೂ ಗೊತ್ತಿರುವುದಿಲ್ಲ.

ಸಮಯ ಆಗುತ್ತಿದೆ, ಉಳಿದ ದೇಶಗಳು ಬೇಗ. ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರಾಣಿ ರಕ್ಷಣಾ ಸಂಘವೇ 2007ರಿಂದ ಒಂದರಿಂದ ಮೂರು ನಕ್ಷತ್ರ ಕೊಡುತ್ತದೆ. ಒಂದು ನಕ್ಷತ್ರದ ಕೋಳಿ ನಿಧಾನವಾಗಿ ಬೆಳೆಯುವ ತಳಿಯದ್ದಾಗಿರಬೇಕು, ಕನಿಷ್ಠ 56 ದಿನ ಬದುಕಿರಬೇಕು. ಜರ್ಮನಿಯಲ್ಲಿ ಸೂಪರ್‌ಮಾರ್ಕೆಟ್‌ಗಳೇ ಸೇರಿ 2019ರಲ್ಲಿ ಹಂತಗಳ ಲೇಬಲ್ ತಂದವು. ಬ್ರಿಟನ್‌ನಲ್ಲಿ ಆರ್‌ಎಸ್‌ಪಿಸಿಎ ಅನ್ನುವ ಪ್ರಾಣಿ ದಯಾ ಸಂಘದ ಲೇಬಲ್ 1994ರಿಂದ ಇದೆ. ಆ ಲೇಬಲ್ ಇದ್ದ ಫಾರ್ಮ್‌ಗಳಲ್ಲೇ ಪ್ರಾಣಿಗಳು ನರಳುತ್ತಿದ್ದ ಗುಪ್ತ ವಿಡಿಯೋಗಳು 2024ರಲ್ಲಿ ಹೊರಬಂದು ದೊಡ್ಡ ಗಲಾಟೆಯಾಯಿತು. ತಪಾಸಣೆ ಸಡಿಲವಾದರೆ ಒಳ್ಳೆಯ ನಿಯಮವೂ ಪುಸ್ತಕದಲ್ಲೇ ಉಳಿಯುತ್ತದೆ.

ನಮ್ಮಲ್ಲಿ? ಬೆಂಗಳೂರಿನ ಅಂಗಡಿಗಳಲ್ಲಿ "ಫ್ರೀ ರೇಂಜ್", "ಕೇಜ್ ಫ್ರೀ" ಅಂತ ಬರೆದ ಮೊಟ್ಟೆ ಡಬ್ಬಿ ಸಿಗುತ್ತವೆ. ಮುಂದಿನ ಸಲ ಡಬ್ಬಿ ತಿರುಗಿಸಿ ನೋಡಿ. ಅದನ್ನು ಹೇಳುತ್ತಿರುವುದು ಕಂಪನಿಯೇನಾ, ಹೊರಗಿನವರು ಯಾರಾದರೂ ಬಂದು ನೋಡಿದ್ದಾರಾ? ಹೊರಗಿನವರ ಹೆಸರು ಇಲ್ಲದಿದ್ದರೆ ಡಬ್ಬಿಯ ಮೇಲಿನ ನಂಬರ್‌ಗೆ ಫೋನ್ ಮಾಡಿ: ಒಂದು ಕೋಳಿಗೆ ಎಷ್ಟು ಜಾಗ, ವರ್ಷಕ್ಕೆ ಎಷ್ಟು ಸಲ ತಪಾಸಣೆ, ಹೇಳದೆ ಬರುತ್ತಾರಾ? ಅವರು ಕೊಟ್ಟ ಉತ್ತರ ನಮಗೂ ಕಳಿಸಿ.